‘ಆತನು’, ‘ಅದು’ ಮತ್ತು ಒಬ್ಬ ‘ಗೆಳತಿ’

‘ಫ್ರಾಯ್ಡ್ಸ್ ಲಾಸ್ಟ್ ಸೆಷನ್’ (2023) ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ಕೂತಾಗ ನನಗಿದ್ದ ಭಯ ಮನೋವಿಶ್ಲೇಷಣೆಯ ಪರಿಭಾಷೆಯದು. ಕೊನೆಗೆ ನಿದ್ದೆ ಕೆಡಿಸಿದ್ದು ಸರ್ವನಾಮಗಳು. ತಿಂಗಳಿಗೊಮ್ಮೆ ಏಳೆಂಟು ಜನ ಯಾರದಾದರೂ ಮನೆಯಲ್ಲಿ ಸೇರಿ ಸಿನಿಮಾ ನೋಡುವ ಗುಂಪು ನಮ್ಮದು. ಇಬ್ಬರಿಗೆ ಇಂಗ್ಲಿಷ್ ಮಾತಿನ ವೇಗ ಹಿಡಿಯಲು ಆಗುವುದಿಲ್ಲ, ಅವರಿಗಾಗಿ ಈ ಸಾಹಸ.

ಕಥೆ ನಡೆಯುವುದು 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಯುದ್ಧ ಸಾರಿದ ದಿನ. ವಿಯೆನ್ನಾ ಬಿಟ್ಟು ಬಂದ, ಮನೋವಿಶ್ಲೇಷಣೆಯ ಜನಕ 83ರ ಸಿಗ್ಮಂಡ್ ಫ್ರಾಯ್ಡ್ ಲಂಡನ್ನಿನ ಮನೆಯಲ್ಲಿ ದವಡೆಯ ಕ್ಯಾನ್ಸರಿನಿಂದ ನರಳುತ್ತಿದ್ದಾರೆ, ಉಳಿದಿರುವುದು 20 ದಿನ. ಎದುರಿಗೆ ನಾಸ್ತಿಕತೆಯಿಂದ ಕ್ರೈಸ್ತ ನಂಬಿಕೆಗೆ ಮರಳಿದ 40ರ ಲೇಖಕ ಸಿ. ಎಸ್. ಲೂಯಿಸ್. ಇವರಿಬ್ಬರೂ ಭೇಟಿಯಾದರು ಅನ್ನುವುದಕ್ಕೆ ದಾಖಲೆಯಿಲ್ಲ, ದೇವರಿದ್ದಾನೆಯೇ ಎಂಬ ಈ ಮಾತುಕತೆ ಕಲ್ಪನೆಯದು.

ಇಂಗ್ಲಿಷಿನಲ್ಲಿ ಇಬ್ಬರ ದೇವರಿಗೂ ಒಂದೇ ಸರ್ವನಾಮ. ನಾನು ಲೂಯಿಸ್ ಬಾಯಿಗೆ ಕನ್ನಡ ಸತ್ಯವೇದದ (ಬೈಬಲಿನ) ‘ಆತನು’ ಕೊಟ್ಟೆ. ಫ್ರಾಯ್ಡ್ ಬಾಯಿಗೆ ‘ದೇವರು ಎಂಬುದು’, ಆಮೇಲೆ ಬರೀ ‘ಅದು’. ಅರ್ಧ ಜಗಳ ಅಲ್ಲೇ ಕಾಣಿಸಿತು. ಆದರೆ ಮನಸ್ಸಿನಾಳದ ಕಚ್ಚಾ ಬಯಕೆಗಳ ಭಾಗವನ್ನು, ಇಂಗ್ಲಿಷಿನವರು ‘ಇಡ್’ ಎಂದು ಲ್ಯಾಟಿನ್ ಮಾಡಿದ್ದನ್ನು, ಫ್ರಾಯ್ಡ್ ಜರ್ಮನ್ನಿನಲ್ಲಿ ಕರೆದದ್ದೂ ಸರಳವಾಗಿ ‘ಅದು’ ಎಂದೇ! ಎರಡು ‘ಅದು’ ಡಿಕ್ಕಿ ಹೊಡೆದವು. ಮನಸ್ಸಿನ ‘ಅದು’ವನ್ನು ‘ಇಡ್’ ಆಗಿಯೇ ಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ. ಇಬ್ಬರೂ ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತಲೇ ಇರುತ್ತಾರೆ, ಎರಡು ಸಾಲಿನ ಜಾಗದಲ್ಲಿ ವಿವರಣೆಗೆ ಎಡೆಯಿಲ್ಲ. ಸಾಲದ್ದಕ್ಕೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ನಿಜಕ್ಕೂ ಎಡವಿದ್ದು ಅನ್ನಾ ಫ್ರಾಯ್ಡ್ ವಿಷಯದಲ್ಲಿ. ಅಪ್ಪನ ಶುಶ್ರೂಷೆ ಮಾಡುವ ಮಗಳು, ತಾನೇ ಮಕ್ಕಳ ಮನೋವಿಶ್ಲೇಷಕಿ. ಅವಳ ಜೊತೆಗಿರುವುದು ಡೊರೊಥಿ ಬರ್ಲಿಂಗ್‌ಹ್ಯಾಮ್. ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಗೆಳತಿ’ ಎಂದು ಬರೆದು ನೆಮ್ಮದಿಯಾಗಿದ್ದೆ. ಗುಂಪಿನ ನಿವೃತ್ತ ಮೇಡಂ ನೋಡಿ ಅಂದರು: “ಏನಪ್ಪಾ, ಇವರು ಬರೀ ಗೆಳತೀರಾ? ಮುಖ ಹೇಳೋದೊಂದು, ನೀನು ಬರೆದಿರೋದೊಂದು.”

ಮುಜುಗರವಾಯಿತು. ಸಿನಿಮಾ ಮರೆಮಾಚದೆ ತೋರಿಸಿದ್ದನ್ನು ನಾನೇ ಅಳಿಸಿದ್ದೆ. ಹಾಗಂತ ಎಲ್ಲ ಕಡೆ ‘ಸಂಗಾತಿ’ ಅಂದರೆ ಚರಿತ್ರೆಗೆ ಹೆಚ್ಚು ಬಣ್ಣ ಬಳಿದಂತೆ: ಡೊರೊಥಿ 1979ರಲ್ಲಿ ತೀರಿಕೊಳ್ಳುವವರೆಗೆ ಇಬ್ಬರೂ ದಶಕಗಳ ಕಾಲ ಒಟ್ಟಿಗೆ ಬಾಳಿ ಒಟ್ಟಿಗೆ ಕೆಲಸ ಮಾಡಿದರು ನಿಜ, ಆದರೆ ಅದು ಎಂಥ ಸಂಬಂಧ ಎಂಬುದರಲ್ಲಿ ಚರಿತ್ರೆ ಬರೆದವರೇ ಒಮ್ಮತಕ್ಕೆ ಬಂದಿಲ್ಲ. ಆಮೇಲೆ ಹೊಳೆಯಿತು, ಒಂದೇ ಪದ ಯಾಕೆ ಬೇಕು? ಅಪ್ಪನ ಬಾಯಲ್ಲಿ ‘ನಿನ್ನ ಗೆಳತಿ’ ಉಳಿಯಿತು, ಅವನ ಇರಿಸುಮುರಿಸು ಆ ಪದದಲ್ಲೇ ಇದೆ. ಸಲಿಂಗ ಪ್ರೇಮ ನಾಚಿಕೆಪಡುವಂಥದ್ದಲ್ಲ, ಕಾಯಿಲೆಯೂ ಅಲ್ಲ ಎಂದು 1935ರಲ್ಲಿ ಯಾರದೋ ತಾಯಿಗೆ ಕಾಗದ ಬರೆದ ಮನುಷ್ಯ ಇವನೇ. ತೆರೆಯ ಮೇಲೆ ಸ್ವಂತ ಮಗಳ ವಿಷಯ ಬಂದಾಗ ತಡವರಿಸುತ್ತಾನೆ. ಅನ್ನಾ ಬಾಯಲ್ಲಿ ಬರೀ ‘ಡೊರೊಥಿ’. ‘ಸಂಗಾತಿ’ಯನ್ನು ಒಂದೇ ಒಂದು ಕಡೆ ಇಟ್ಟೆ. ಲೂಯಿಸ್ ಅನ್ನಾಳನ್ನು ‘ಅವರು’ ಎನ್ನುತ್ತಾನೆ, ಅಪ್ಪ ‘ಅವಳು’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಈ ಅಂತರವೇ ಇಲ್ಲ.

ತೋರಿಸಿ ಮುಗಿದ ಮೇಲೆ ಒಬ್ಬರು ಕೇಳಿದರು, “ಎಲ್ಲಾ ಬಿಳಿಯರೇ ಇರೋ ಸಿನಿಮಾದಲ್ಲಿ ವೈವಿಧ್ಯ ಎಲ್ಲಿ ಬಂತು?” ಬಣ್ಣವೊಂದನ್ನೇ ಎಣಿಸಿದರೆ ಹಾಗೆ ಕಾಣುತ್ತದೆ. ಯಹೂದಿ ಎಂಬ ಕಾರಣಕ್ಕೇ ಮುದಿಪ್ರಾಯದಲ್ಲಿ ಮನೆ ಬಿಟ್ಟವನು ಫ್ರಾಯ್ಡ್; ವಿಯೆನ್ನಾದಲ್ಲೇ ಉಳಿದ ನಾಲ್ವರು ತಂಗಿಯರನ್ನು ನಾಜಿಗಳ ಶಿಬಿರಗಳು ನುಂಗಿದವು. ಇಷ್ಟು ಹೇಳಿ, ಭಾರತದ ಎಳೆಯೂ ಒಂದಿದೆ ಎಂದೆ. ಗಿರೀಂದ್ರಶೇಖರ ಬೋಸರು 1922ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಮನೋವಿಶ್ಲೇಷಣಾ ಸಂಘ, 1931ರಲ್ಲಿ ಫ್ರಾಯ್ಡ್‌ಗೆ 75 ತುಂಬಿದಾಗ ದಂತದ ವಿಷ್ಣು ವಿಗ್ರಹ ಕಳಿಸಿತ್ತು. ದೇವರನ್ನೇ ನಂಬದವನ ಮೇಜಿನ ಮೇಲೆ ವಿಷ್ಣು!

ಮೇಡಂ ಆಗಲೇ ರಿಮೋಟ್ ಕಸಿದುಕೊಂಡು ಸಿನಿಮಾ ಹಿಂದಕ್ಕೆ ಓಡಿಸಿದರು. ಎರಡನೇ ಸಲ ಪೂರ್ತಿ ಮೇಜನ್ನೇ ನೋಡುತ್ತ ಕೂತರು, ನನ್ನ ಸಬ್‌ಟೈಟಲ್ ಓದಲೇ ಇಲ್ಲ.