ಗಾಳಿಗೆ ಎದೆ ಕೊಟ್ಟು ಹೋಗಿ, ಬೆನ್ನು ಕೊಟ್ಟು ವಾಪಸ್

ಗ್ಲಾಸ್ಗೋಗೆ ಬಂದು ನಾಲ್ಕು ವರ್ಷವಾಯಿತು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಪುಟ್ಟ ದ್ವೀಪಗಳನ್ನು ನಡೆದೇ ನೋಡುವ ಹುಚ್ಚು ನಮ್ಮ ನಾಲ್ವರಿಗೆ ಹಿಡಿದು ಮೂರು ವರ್ಷ. ಉಳಿದವರು ಧಾರವಾಡ, ಮೈಸೂರು, ತುಮಕೂರಿನವರು. ನಾನು ಮಲ್ಪೆ ಕಡೆಯವನು. ಕಡಲು ನೋಡಿ ಬೆಳೆದವನು ಅಂತ ದಾರಿ, ದೋಣಿ, ಹವಾಮಾನದ ಲೆಕ್ಕ ಎಲ್ಲ ನನ್ನ ತಲೆಗೆ ಕಟ್ಟಿದರು. ನಾನೂ ಜಂಬದಿಂದ ಒಪ್ಪಿಕೊಂಡೆ.

ಜಂಬ ಇಳಿದದ್ದು ಕೆರೆರಾದಲ್ಲಿ. ಓಬನ್ ಪೇಟೆಯ ಎದುರಿಗೇ ಇರುವ ದ್ವೀಪ ಅದು, ದೋಣಿಯಲ್ಲಿ ಕೆಲವೇ ನಿಮಿಷ. ದಕ್ಷಿಣದ ತುದಿಯಲ್ಲಿ 1582ರಲ್ಲಿ ಕಟ್ಟಿದ ಗೈಲನ್ ಕೋಟೆಯ ಪಾಳುಗೋಡೆಗಳಿವೆ. ಅಂದು ಉತ್ತರದ ಗಾಳಿ. ಹೋಗುವಾಗ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಹಗುರಾಗಿ ಹೋದೆವು. ಕೋಟೆಯ ಹತ್ತಿರ ಕೂತು ಚಿತ್ರಾನ್ನ ತಿಂದೆವು. ವಾಪಸ್ ಹೊರಟಾಗ ಅದೇ ಗಾಳಿ ಮುಖಕ್ಕೆ, ಜೊತೆಗೆ ಅಡ್ಡಮಳೆ. ತುಮಕೂರಿನವಳ ಕೊಡೆ ಮೊದಲ ಏಟಿಗೇ ಮಗುಚಿತು. ಧಾರವಾಡದವನು, ‘ಏನ್ ಗಾಳೀಪಾ ಇದು, ಬಾಯಿ ತೆರದ್ರ ಹಲ್ಲೂ ಹಾರಿ ಹೋಗ್ತಾವ’ ಅಂದ. ಮೈಸೂರಿನವನು ಎಂದಿನಂತೆ ಫೋಟೋ ತೆಗೆಯುತ್ತಾ ಅರ್ಧ ಮೈಲಿ ಹಿಂದೆ. ಕೊನೆಯ ದೋಣಿ ಸಿಕ್ಕಿದ್ದು ಓಡಿದ್ದರಿಂದ.

ಅಲ್ಲಿಂದ ನನ್ನದು ಒಂದೇ ಪದ್ಧತಿ. ಮಳೆ ಬರುತ್ತಾ ಅಂತ ನೋಡುವುದಕ್ಕಿಂತ ಮೊದಲು ಗಾಳಿ ಯಾವ ದಿಕ್ಕಿನಿಂದ ಅಂತ ನೋಡುತ್ತೇನೆ. ಮಳೆಯಂತೂ ಬಂದೇ ಬರುತ್ತದೆ ಬಿಡಿ. ಕಾಲಲ್ಲಿ ಕಸುವಿರುವಾಗ ಗಾಳಿಗೆ ಎದುರಾಗಿ ನಡೆಯುವುದು. ಸುಸ್ತಾದ ಮೇಲೆ ಅದೇ ಗಾಳಿ ನಮ್ಮನ್ನು ದೋಣಿಯ ಕಡೆ ತಳ್ಳಬೇಕು.

ಕಳೆದ ಮೇ ತಿಂಗಳ ಉದ್ದದ ರಜೆಯಲ್ಲಿ ಅಯೋನಾಗೆ ಹೋದಾಗ ಇದು ಚೆನ್ನಾಗಿ ಒದಗಿತು. ದಾರಿ ಸ್ವಲ್ಪ ಸುತ್ತು. ಓಬನ್‌ನಿಂದ ಮಲ್ ಎಂಬ ದೊಡ್ಡ ದ್ವೀಪಕ್ಕೆ ಹಡಗು, ಅದರ ಉದ್ದಕ್ಕೂ ಬಸ್ಸು, ಮತ್ತೆ ಹತ್ತು ನಿಮಿಷದ ದೋಣಿ. ಹೊರಗಿನವರ ಕಾರಿಗೆ ಅಯೋನಾದಲ್ಲಿ ಪ್ರವೇಶವಿಲ್ಲ. ಉದ್ದ ಸುಮಾರು 5 ಕಿಲೋಮೀಟರ್, ಅಗಲ ಅದರ ಮೂರನೇ ಒಂದು ಪಾಲು. ಐರ್ಲೆಂಡಿನಿಂದ ಬಂದ ಸಂತ ಕೊಲಂಬಾ 563ರಲ್ಲಿ ಇಲ್ಲಿ ಮಠ ಕಟ್ಟಿದರು, ಬರುವವರಲ್ಲಿ ಹೆಚ್ಚಿನವರು ಅಲ್ಲಿಗೇ ಹೋಗುತ್ತಾರೆ. ನಾವು ಹಿಂದಿನ ಸಂಜೆಯೇ ಬಂದು ದ್ವೀಪದಲ್ಲೇ ತಂಗಿದ್ದೆವು.

ಬೆಳಿಗ್ಗೆ ನೈಋತ್ಯದ ಗಾಳಿ. ಹಾಗಾಗಿ ಮೊದಲು ಪಶ್ಚಿಮದ ಹುಲ್ಲು ಬಯಲು ಹಿಡಿದೆವು. ಕುರಿಗಳು ಗಾಳಿಗೆ ಬೆನ್ನು ತಿರುಗಿಸಿ ಸಾಲಾಗಿ ಮಲಗಿದ್ದವು. ದಿಕ್ಸೂಚಿಯೇ ಬೇಡ! 2003ರ ಕಾನೂನಿನ ಪ್ರಕಾರ ಇಲ್ಲಿ ಬಹುತೇಕ ಎಲ್ಲ ಜಮೀನಿನಲ್ಲೂ ನಡೆಯಬಹುದು, ಆದರೆ ಜವಾಬ್ದಾರಿಯಿಂದ. ತೆಗೆದ ಗೇಟು ಮುಚ್ಚಬೇಕು, ಮರಿ ಹಾಕಿದ ಕುರಿಗಳ ಹತ್ತಿರ ಹೋಗಬಾರದು.

ದಕ್ಷಿಣಕ್ಕೆ ತಿರುಗಿದ ಮೇಲೆ ದಾರಿ ಹೋಗಿ ಹುದುಲು ಶುರುವಾಯಿತು. ಮೇಲೆ ಹಸಿರು ಪಾಚಿ, ಕೆಳಗೆ ನೀರು. ನೋಡಲು ಗಟ್ಟಿ ನೆಲವೇ. ನಾನೇ ಮೊಣಕಾಲವರೆಗೆ ಹೂತುಹೋದೆ. ಕಾಲು ಬಂತು, ಬೂಟು ಅಲ್ಲೇ ಉಳಿಯಿತು. ಕೈ ಹಾಕಿ ಎಳೆದುಕೊಟ್ಟವಳು ತುಮಕೂರಿನವಳು. ನಕ್ಷೆಯಲ್ಲಿ ಎರಡು ಕಿಲೋಮೀಟರ್ ಅಂತಿದ್ದರೆ ಇಂಥಲ್ಲಿ ನಾಲ್ಕಕ್ಕಾಗುವಷ್ಟು ಸಮಯ ಇಟ್ಟುಕೊಳ್ಳಿ. ಕಂದು ಬಣ್ಣದ ಹೀದರ್ ಗಿಡ ಇರುವಲ್ಲಿ ಕಾಲಿಡಿ, ತೀರಾ ತಿಳಿಹಸಿರು ಇರುವಲ್ಲಿ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಜೊತೆ ಒಣ ಕಾಲುಚೀಲ ನನ್ನ ಪಾಲಿಗೆ ಊಟಕ್ಕಿಂತ ಮುಖ್ಯ.

ಕೊಲಂಬಾ ಬಂದಿಳಿದರು ಎನ್ನುವ ಕೊಲ್ಲಿಯಲ್ಲಿ ಬರೀ ಬಣ್ಣದ ಉರುಟು ಕಲ್ಲುಗಳು. ಅಲೆ ಹಿಂದೆ ಸರಿದಾಗಲೆಲ್ಲ ಅವು ಉರುಳಿ ಗಲಗಲ ಎನ್ನುತ್ತವೆ. ಚಪಾತಿ, ಶೇಂಗಾ ಚಟ್ನಿಪುಡಿ ತಿಂದು ಗಾಳಿಗೆ ಬೆನ್ನು ಕೊಟ್ಟು ಉತ್ತರಕ್ಕೆ ಹೊರಟೆವು. 101 ಮೀಟರ್ ಎತ್ತರದ ‘ಡುನ್ ಈ’ ಎಂಬ ಗುಡ್ಡವನ್ನು ಹತ್ತಿದ್ದು ಗೊತ್ತೇ ಆಗಲಿಲ್ಲ.

ಮರುದಿನ ಸ್ಟಾಫಾ ದ್ವೀಪ. ಅಲ್ಲಿ ಜನವಸತಿ ಇಲ್ಲ. ಅಲೆ ಜೋರಿದ್ದರೆ ದೋಣಿಯವರು ಇಳಿಸುವುದೂ ಇಲ್ಲ. ನಮಗೆ ಸುಮಾರು ಒಂದು ಗಂಟೆ ಸಿಕ್ಕಿತು. ಕಲ್ಲುಕಂಬಗಳ ತಲೆಯ ಮೇಲೆ ಹೆಜ್ಜೆಯಿಟ್ಟು ಫಿಂಗಲ್ ಗುಹೆಯ ಕಡೆ ಹೋಗುವಾಗ ನಾನು ಸುಮ್ನೆ ನಿಂತುಬಿಟ್ಟೆ. ಆರು ಮೂಲೆಯ ಕಲ್ಲುಕಂಬಗಳು, ಥೇಟ್ ನಮ್ಮ ಸೇಂಟ್ ಮೇರೀಸ್ ದ್ವೀಪ! ಕಲ್ಲಿನ ಜಾತಿ ಬೇರೆ. ನಮ್ಮದು ಸುಮಾರು 8.8 ಕೋಟಿ ವರ್ಷ ಹಳೆಯದು, ಇದು ಅದಕ್ಕಿಂತ ಚಿಕ್ಕದು. ಹುಟ್ಟಿದ ಬಗೆ ಒಂದೇ. ಲಾವಾ ಆರುತ್ತಾ ಕುಗ್ಗಿ, ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟು, ಬಿರುಕು ಆಳಕ್ಕಿಳಿದು ಕಂಬಗಳಾಗಿವೆ. ಇದನ್ನು ಉತ್ಸಾಹದಿಂದ ವಿವರಿಸುತ್ತಿದ್ದರೆ ಮೂವರೂ ಪಫಿನ್ ಹಕ್ಕಿ ನೋಡಲು ಮೇಲೆ ಹೋಗಿಯಾಗಿತ್ತು. ವಾಪಸ್ ದೋಣಿಗೆ ಕೊನೆಯಲ್ಲಿ ಬಂದವನು ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ?

ಮುಂದಿನದು ಒರನ್ಸೇ. ಪಕ್ಕದ ಕೊಲನ್ಸೇ ದ್ವೀಪದಿಂದ ಕಡಲು ಇಳಿದಾಗ ಮಾತ್ರ ಮರಳ ಮೇಲೆ ನಡೆದು ದಾಟಬಹುದು. ನೀರು ಏರುವ ಹೊತ್ತನ್ನು ಮೈಸೂರಿನವನಿಗೆ ಒಂದು ಗಂಟೆ ಮುಂಚಿನದೇ ಹೇಳಿಟ್ಟಿದ್ದೇವೆ.