ಎಥೆನಾಲ್ ಮಿಶ್ರಿತ ಪೆಟ್ರೋಲ್: ಕಾರಿಗೆ ತುಂಬಿಸುವ ಮುನ್ನ ನೋಡಬೇಕಾದದ್ದು

ಎಥೆನಾಲ್ ಬೆರೆತ ಪೆಟ್ರೋಲನ್ನು ಮೊದಲ ಬಾರಿಗೆ ತುಂಬಿಸುವ ಮುನ್ನ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿರುವ ಚೀಟಿಯನ್ನೂ ಕಾರಿನ ಜೊತೆ ಬಂದ ಕೈಪಿಡಿಯನ್ನೂ ಓದಿಕೊಳ್ಳಿ. ಇ10 ಎಂದಿದ್ದರೆ ಗಾತ್ರದಲ್ಲಿ ಶೇ 10ರವರೆಗೆ, ಇ20 ಎಂದಿದ್ದರೆ ಶೇ 20ರವರೆಗೆ ಎಥೆನಾಲ್ ಇರಬಹುದು ಎಂದರ್ಥ. ಇ85 ಮಾತ್ರ ಅದಕ್ಕೆಂದೇ ತಯಾರಾದ ಫ್ಲೆಕ್ಸ್ ಫ್ಯೂಯಲ್ (ಎಥೆನಾಲ್ ಎಷ್ಟೇ ಬೆರೆತಿದ್ದರೂ ಹೊಂದಿಕೊಳ್ಳುವ) ಕಾರುಗಳಿಗೆ ಮೀಸಲು. ಕಾರಿನ ರಬ್ಬರ್ ಮತ್ತು ಲೋಹದ ಭಾಗಗಳು ಎಥೆನಾಲನ್ನು ತಾಳಿಕೊಳ್ಳುತ್ತವೆಯೇ ಎಂಬುದು ಒಂದು ಪ್ರಶ್ನೆ, ಎಂಜಿನ್ನನ್ನು ಆ ಇಂಧನಕ್ಕೆ ತಕ್ಕಂತೆ ಟ್ಯೂನ್ ಮಾಡಲಾಗಿದೆಯೇ ಎಂಬುದು ಇನ್ನೊಂದು. ಜಾಹೀರಾತಿನ ಮಾತಿನಲ್ಲಿ ಇವೆರಡೂ ಒಂದೇ ಎಂಬಂತೆ ಕೇಳಿಸುವುದರಿಂದ ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು.

ಮೈಲೇಜ್ ಕಡಿಮೆಯಾಗುವುದು ನಿಜ. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಲೆಕ್ಕದ ಪ್ರಕಾರ ಇ10ರಲ್ಲಿ ಶೇ 3ರಷ್ಟು, ಇ20ರಲ್ಲಿ ಶೇ 6ರಿಂದ 7ರಷ್ಟು ಇಳಿಕೆ ಸಹಜ. ಶುದ್ಧ ಪೆಟ್ರೋಲಿನಲ್ಲಿ ಲೀಟರಿಗೆ 18 ಕಿ.ಮೀ. ಓಡುತ್ತಿದ್ದ ಕಾರು ಇ20ರಲ್ಲಿ 17ರ ಆಸುಪಾಸಿಗೆ ಬಂದರೆ ಗಾಬರಿಯಾಗಬೇಕಿಲ್ಲ, 14ಕ್ಕೆ ಇಳಿದರೆ ಮಾತ್ರ ತಪ್ಪು ಬೇರೆಲ್ಲೋ ಇದೆ. ಇದಕ್ಕೆ ಪ್ರತಿಯಾಗಿ ಸಿಗುವ ಲಾಭವೆಂದರೆ ಆಕ್ಟೇನ್, ಅಂದರೆ ಇಂಧನ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ. ಎಥೆನಾಲಿನ ಆಕ್ಟೇನ್ ಸಂಖ್ಯೆ 108ರ ಹತ್ತಿರವಿದ್ದು, ಅದು ಆವಿಯಾಗುವಾಗ ಸಿಲಿಂಡರಿನೊಳಗಿನ ಗಾಳಿಯನ್ನು ಚೆನ್ನಾಗಿ ತಂಪುಗೊಳಿಸುವುದರಿಂದ ಎಂಜಿನ್ ನಾಕ್ ಆಗುವುದು (ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಬಡಿದಂತೆ ಸದ್ದಾಗುವುದು) ಕಡಿಮೆಯಾಗುತ್ತದೆ. ಆದರೆ ಈ ಲಾಭವನ್ನು ಬಳಸಿಕೊಳ್ಳಬಲ್ಲದ್ದು ಹೆಚ್ಚಿನ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಅಥವಾ ಟರ್ಬೊ ಇರುವ ಎಂಜಿನ್ ಮಾತ್ರ. ಹಳೆಯ ಸಾಧಾರಣ ಎಂಜಿನ್ನಿಗೆ ನಷ್ಟದ ಪಾಲೇ ಹೆಚ್ಚು ಎಂಬುದನ್ನು ಒಪ್ಪಿಕೊಳ್ಳಬೇಕು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತಗ್ಗುತ್ತದೆ, ಅಸಿಟಾಲ್ಡಿಹೈಡ್ ಎಂಬ ಹಾನಿಕಾರಕ ಆವಿ ಮಾತ್ರ ಏರುತ್ತದೆ.

ಹೆಚ್ಚಿನ ಎಚ್ಚರ ಬೇಕಾಗಿರುವುದು ಹಳೆಯ ಕಾರುಗಳಿಗೆ, ಅದರಲ್ಲೂ ಕಾರ್ಬ್ಯುರೇಟರ್ (ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಹಳೆಯ ಬಗೆಯ ಯಾಂತ್ರಿಕ ಸಾಧನ) ಇರುವವಕ್ಕೆ. ಇಂಜೆಕ್ಷನ್ ಇರುವ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಾನೇ ಸ್ವಲ್ಪ ಹೆಚ್ಚು ಇಂಧನ ಬಿಡುತ್ತದೆ. ಕಾರ್ಬ್ಯುರೇಟರಿಗೆ ಆ ತಿಳಿವಳಿಕೆಯಿಲ್ಲ, ಮಿಶ್ರಣ ತೆಳುವಾಗಿ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿ) ಎಂಜಿನ್ ಹೆಚ್ಚು ಬಿಸಿಯಾಗಬಹುದು. ಹಳೆಯ ರಬ್ಬರ್ ಹೋಸ್, ಸೀಲ್, ಕಾರ್ಕ್ ಗ್ಯಾಸ್ಕೆಟ್‌ಗಳು ಉಬ್ಬುತ್ತವೆ ಇಲ್ಲವೇ ಬಿರುಕು ಬಿಡುತ್ತವೆ. ಹೋಸನ್ನು ಬೆರಳುಗಳ ನಡುವೆ ಒತ್ತಿ ನೋಡಿ: ಜಿಗುಟಾಗಿ ಮೆತ್ತಗಾಗಿದ್ದರೆ ಅಥವಾ ಬಾಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಸೀಳುಗಳು ಕಂಡರೆ, ಸೋರುವುದನ್ನು ಕಾಯದೆ ಎಥೆನಾಲ್ ತಾಳುವ ಹೋಸಿಗೆ ಬದಲಿಸಿ. ಎಥೆನಾಲ್ ಒಳ್ಳೆಯ ದ್ರಾವಕವಾದ್ದರಿಂದ ವರ್ಷಗಳಿಂದ ಟ್ಯಾಂಕಿನಲ್ಲಿ ಅಂಟಿಕೊಂಡಿದ್ದ ಕಸವನ್ನು ಎಬ್ಬಿಸಿ ತರುತ್ತದೆ. ಮೊದಲ ಕೆಲವು ಟ್ಯಾಂಕ್‌ಗಳ ನಂತರ ಫ್ಯೂಯಲ್ ಫಿಲ್ಟರ್ ಬದಲಿಸಿಬಿಡುವುದು ಲೇಸು.

ನೀರಿನ ವಿಷಯದಲ್ಲಿ ಎಥೆನಾಲಿನ ಗುಣ ಎರಡು ಬಗೆಯದು. ಅಲ್ಪಸ್ವಲ್ಪ ನೀರನ್ನು ಅದು ತನ್ನಲ್ಲಿ ಕರಗಿಸಿಕೊಂಡು ಎಂಜಿನ್ನಿನ ಮೂಲಕ ಹೊರಹಾಕುತ್ತದೆ, ಇದು ಉಪಕಾರವೇ. ಆದರೆ ಇ10ರಲ್ಲಿ ಲೀಟರಿಗೆ ಸುಮಾರು 5 ಮಿ.ಲೀ. ನೀರಿನ ಮಿತಿ ದಾಟಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಆದ್ದರಿಂದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ತೇವದ ಗಾಳಿಗೆ ಜಾಗವಿರದಂತೆ ಟ್ಯಾಂಕನ್ನು ಬಹುಪಾಲು ತುಂಬಿಸಿಡಿ. ಎಥೆನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಇನ್ನೂ ಒಳ್ಳೆಯದು. ಒಮ್ಮೆ ಬೇರ್ಪಟ್ಟ ಇಂಧನವನ್ನು ಅಡಿಟಿವ್ (ಇಂಧನಕ್ಕೆ ಬೆರೆಸುವ ರಾಸಾಯನಿಕ) ಸುರಿದು ಸರಿಮಾಡಲು ಹೋಗಬೇಡಿ, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ.

ಇಂಧನದಲ್ಲಿ ಎಥೆನಾಲ್ ಎಷ್ಟಿದೆ ಎಂಬ ಸಂಶಯವಿದ್ದರೆ, ಬೆಂಕಿಯ ಸುಳಿವಿಲ್ಲದ ಬಯಲಿನಲ್ಲಿ ಕೈಗವಸು ತೊಟ್ಟು, 100 ಮಿ.ಲೀ. ಗಾಜಿನ ಅಳತೆ ಜಾಡಿಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಬಿರಡೆ ಬಿಗಿದು ಕುಲುಕಿ, ನಿಧಾನವಾಗಿ ಬಿರಡೆ ಸಡಿಲಿಸಿ ಆವಿ ಹೊರಬಿಟ್ಟು, ಹತ್ತು ನಿಮಿಷ ಅಲುಗಾಡಿಸದೆ ಇಡಿ. ಎಥೆನಾಲ್ ನೀರಿನೊಂದಿಗೆ ಕೆಳಗಿಳಿಯುವುದರಿಂದ ತಳದ ಪದರ 28 ಮಿ.ಲೀ. ಗೆರೆಯನ್ನು ಮುಟ್ಟಿದರೆ 90ರಲ್ಲಿ 18, ಅಂದರೆ ಸುಮಾರು ಶೇ 20 ಎಥೆನಾಲ್ ಇದೆ ಎಂದು ತಿಳಿಯಬಹುದು. ಇದು ಪ್ರಯೋಗಾಲಯದ ನಿಖರತೆಯ ಪರೀಕ್ಷೆಯಲ್ಲ, ಆದರೆ ಇ10 ಯಾವುದು, ಇ20 ಯಾವುದು ಎಂದು ಗುರುತಿಸಲು ಸಾಕು. ಪರೀಕ್ಷಿಸಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ, ಚರಂಡಿಗೂ ಚೆಲ್ಲಬೇಡಿ.