ಏಳನೇ ತಿಂಗಳಲ್ಲಿ ಎಣ್ಣೆ ಹುಡುಕಬೇಡಿ

ಕಳೆದ ವಾರ ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದಳು. ಅವಳಿಗೆ ಏಳು ತಿಂಗಳು ತುಂಬಿದೆ. "ಅಜ್ಜಿ, ಹೊಟ್ಟೆ ಮೇಲೆಲ್ಲ ಗೆರೆ ಬಂತು, ಯಾವ ಎಣ್ಣೆ ಹಚ್ಚಲಿ?" ಅಂತ ಕೇಳಿದಳು. ಅವಳ ಹಿಂದಿನ ಕಪಾಟಿನಲ್ಲಿ ಸಾಲಾಗಿ ಐದು ಡಬ್ಬಿ ಕಾಣುತ್ತಿತ್ತು, ಒಂದೊಂದಕ್ಕೂ ನನ್ನ ಒಂದು ತಿಂಗಳ ತರಕಾರಿ ಖರ್ಚು. ಒಂದರ ಕಾಲು ಭಾಗವೂ ಖಾಲಿಯಾಗಿಲ್ಲ. ಮೂರನೇ ತಿಂಗಳಲ್ಲಿ ನಾನು ಹೇಳಿದಾಗ ಕಿವಿ ಎಲ್ಲಿಗೆ ಹೋಗಿತ್ತು ಮಾರಾಯ್ತಿ ಅಂದೆ. ಪಕ್ಕದಲ್ಲಿದ್ದ ಗಂಡ ನಕ್ಕ. ನಗುವ ವಿಷಯ ಅಲ್ಲ ಅದು. ಆಟಿ ಮಳೆ ಹೊಡೆಯುವಾಗ ಹೆಂಚು ಸರಿಮಾಡಲು ಏಣಿ ಹುಡುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈಗಿನ ಬಸುರಿಯರೆಲ್ಲ ಅದೇ ಜಾತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಎಣ್ಣೆ ಹಚ್ಚಿದರೆ ಗೆರೆ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನನಗೇ ಬಂದಿದೆ. ಹತ್ತೊಂಬತ್ತು ವರ್ಷಕ್ಕೆ ಮೊದಲ ಹೆರಿಗೆ, ಅಮ್ಮ ದಿನಾ ಎಣ್ಣೆ ತಿಕ್ಕಿದ್ದಳು. ಆದರೂ ಎರಡೂ ಪಕ್ಕೆಯಲ್ಲಿ ಬೆಳ್ಳಿದಾರದ ಹಾಗೆ ಇವತ್ತಿಗೂ ಉಂಟು. ನನ್ನ ಓರಗಿತ್ತಿ ಒಂದು ಹನಿ ಎಣ್ಣೆ ಮುಟ್ಟಿದವಳಲ್ಲ, ಮೂರು ಹೆತ್ತಳು, ಹೊಟ್ಟೆ ಕನ್ನಡಿಯ ಹಾಗಿತ್ತು. ಅವಳಮ್ಮನಿಗೂ ಇರಲಿಲ್ಲ. ನನ್ನಮ್ಮನಿಗೆ ತೊಡೆಯವರೆಗೂ ಇತ್ತು. ಅರ್ಥ ಆಯಿತಲ್ಲ? ಅರ್ಧ ಭಾಗ ತಾಯಿಯ ಚರ್ಮ ಕೊಟ್ಟದ್ದು. ಸಣ್ಣ ಪ್ರಾಯದಲ್ಲಿ ಬಸುರಾದರೆ ಹೆಚ್ಚು, ಅವಳಿ ಆದರೆ ಹೆಚ್ಚು, ಮಗು ದೊಡ್ಡದಾದರೂ ಹೆಚ್ಚು. ಹಿರಿಮಗಳು ನರ್ಸು, ಅವಳು ಹೇಳುವುದು ಹರಿಯುವುದು ಮೇಲಿನ ಚರ್ಮ ಅಲ್ಲ, ಅದರ ಒಳಗಿನ ಪದರದ ನಾರು ಅಂತ. ಆಲಿವ್ ಎಣ್ಣೆ, ಕೋಕೋ ಬಟರ್ ಇತ್ಯಾದಿ ಹಚ್ಚಿ ನೋಡಿದ ಪರೀಕ್ಷೆಗಳನ್ನೆಲ್ಲ ಕೊಕ್ರೇನ್ ಸಂಸ್ಥೆಯವರು 2012ರಲ್ಲಿ ಒಟ್ಟು ಸೇರಿಸಿ ತೂಗಿದರಂತೆ. ಯಾವುದೂ ಗೆರೆಯನ್ನು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲವಂತೆ. ಡಬ್ಬಿಯ ಮೇಲೆ ಏನು ಬರೆದಿದ್ದರೂ ಅಷ್ಟೇ.

ಹಾಗಾದರೆ ಎಣ್ಣೆ ಯಾಕೆ? ತುರಿಕೆಗೆ. ಹೊಟ್ಟೆ ಹಿಗ್ಗುವಾಗ ಚರ್ಮ ಒಣಗುತ್ತದೆ, ಒಣಗಿದರೆ ತುರಿಸುತ್ತದೆ. ತುರಿಸಿದರೆ ನೀವು ನಿದ್ದೆಗಣ್ಣಿನಲ್ಲಿ ಉಗುರು ಹಾಕುತ್ತೀರಿ, ಮೊದಲೇ ಬಿಗಿದು ನಿಂತ ಚರ್ಮವನ್ನು ಗೀರಿ ಹುಣ್ಣು ಮಾಡಿಕೊಳ್ಳುತ್ತೀರಿ. ನನ್ನ ದೊಡ್ಡ ಮಾವ ಪಂಡಿತರಾಗಿದ್ದರು. ಹಳೆಯ ಗ್ರಂಥದಲ್ಲಿ ಈ ಗೆರೆಗೆ 'ಕಿಕ್ಕಿಸ' ಅಂತ ಹೆಸರು ಉಂಟು ಎನ್ನುತ್ತಿದ್ದರು. ಚರಕಸಂಹಿತೆಯ ಶಾರೀರಸ್ಥಾನ, ಎಂಟನೇ ಅಧ್ಯಾಯ, ಏಳನೇ ತಿಂಗಳ ವಿಚಾರ ಬರುವಲ್ಲಿ. ತಮಾಷೆ ಎಂದರೆ ನಮ್ಮಜ್ಜಿ "ಮಗುವಿಗೆ ತಲೆಕೂದಲು ಹುಟ್ಟುತ್ತಿದೆ, ಅದಕ್ಕೇ ತಾಯಿಗೆ ತುರಿಕೆ" ಎನ್ನುತ್ತಿದ್ದಳಲ್ಲ, ಆ ಮಾತು ಅಲ್ಲೂ ಇದೆ. ಹೆಂಗಸರು ಹಾಗೆ ಹೇಳುತ್ತಾರೆ, ಆದರೆ ಅದು ಸರಿಯಲ್ಲ, ಗರ್ಭ ಒತ್ತಿ ಬರುವ ಉರಿಯಿಂದ ತುರಿಕೆ, ತುರಿಕೆಯಿಂದ ಕಿಕ್ಕಿಸ ಅಂತ ಆ ಗ್ರಂಥದ ಗುರು ಆತ್ರೇಯ ಹೇಳುತ್ತಾನಂತೆ. ಎಷ್ಟೋ ಶತಮಾನದ ಹಿಂದೆ ಅಲ್ಲಗಳೆದ ಮಾತನ್ನು ನಾವಿನ್ನೂ ಹೇಳುತ್ತಿದ್ದೇವೆ, ಇರಲಿ. ಮುಖ್ಯ ಮಾತು ಅದರ ಮುಂದೆ ಉಂಟು: ತುರಿಸಬಾರದು, ಚರ್ಮ ಒಡೆದು ವಿಕಾರ ಆಗುತ್ತದೆ, ತಡೆಯಲಾರದೆ ಹೋದರೆ ಮೆಲ್ಲಗೆ ಉಜ್ಜಬೇಕು ಅಂತ. ಉಗುರು ಕತ್ತರಿಸಿ ಹುಡುಗಿಯರೇ. ಬಣ್ಣ ಹಚ್ಚಿದ ಒಂದಿಂಚಿನ ಉಗುರು ಇಟ್ಟುಕೊಂಡು ನನಗೆ ಎಣ್ಣೆ ಕೇಳಬೇಡಿ.

ಈಗ ಎಣ್ಣೆ. ಅಂಗಡಿಯದ್ದು ಹಚ್ಚಿದರೆ ಪಾಪ ಏನಿಲ್ಲ, ಗಾಣದ ತೆಂಗಿನೆಣ್ಣೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ನಮ್ಮ ಮನೆಯಲ್ಲಿ ಬಸುರಿಗೂ ಬಾಣಂತಿಗೂ ಮಗುವಿಗೂ ಕೊಬ್ಬರಿಯ ಎಣ್ಣೆ ಮುಟ್ಟಿಸುತ್ತಿರಲಿಲ್ಲ. ಹಸಿಕಾಯಿಯ ಹಾಲು ಹಿಂಡಿ, ಕಾಯಿಸಿ ತೆಗೆದ ಎಣ್ಣೆಯೇ ಆಗಬೇಕು. ಇದೊಂದು ವಿಷಯದಲ್ಲಿ ನಾನು ಹಠಮಾರಿ. ನನ್ನ ಸೊಸೆ "ಅತ್ತೆ, ಎರಡೂ ಒಂದೇ" ಎಂದಳು ಒಮ್ಮೆ. ಪರಿಮಳ ನೋಡಿದ ಮೇಲೆ ಮತ್ತೆ ಹೇಳಲಿಲ್ಲ.

ಕಾಯಿ ಬಲಿತದ್ದಾಗಬೇಕು, ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು. ನೀರು ಬತ್ತಿ ಗಿಟುಕಾದದ್ದು ಬೇಡ, ಮೊಳಕೆ ಬಂದದ್ದಂತೂ ಬೇಡವೇ ಬೇಡ. ಐದು ಕಾಯಿಗೆ ಒಂದು ಚಾ ಲೋಟ ಎಣ್ಣೆ ಬಂದರೆ ಪುಣ್ಯ, ಹಾಗಾಗಿ ಜಿಪುಣತನ ಮಾಡಿ ಎರಡು ಕಾಯಿ ಒಡೆದು ಕೂರಬೇಡಿ. ಹೆರೆಮಣೆಯಲ್ಲಿ ಹೆರೆಯುವಾಗ ಬಿಳಿ ಮಾತ್ರ ಹೆರೆಯಿರಿ, ಗೆರಟೆಗೆ ಅಂಟಿದ ಕಂದು ಸಿಪ್ಪೆ ಬಂದರೆ ಎಣ್ಣೆಯ ಬಣ್ಣ ಕೆಡುತ್ತದೆ. ಅವಸರದವರ ಕೆಲಸ ಅಲ್ಲೇ ಗೊತ್ತಾಗುತ್ತದೆ. ಕಡೆಯುವ ಕಲ್ಲು ಈಗ ಯಾರ ಮನೆಯಲ್ಲಿಯೂ ತಿರುಗುವುದಿಲ್ಲ, ಮಿಕ್ಸಿಯೇ ಸಾಕು, ಆದರೆ ನೀರು ಉಗುರು ಬೆಚ್ಚಗಿರಲಿ, ಸ್ವಲ್ಪವೇ ಇರಲಿ. ಹಾಕಿದ ನೀರನ್ನೆಲ್ಲ ಆಮೇಲೆ ಬೆಂಕಿಯ ಮೇಲೆ ಆರಿಸಬೇಕಾದವರು ನೀವೇ. ತೊಳೆದೊಣಗಿಸಿದ ತೆಳು ಪಂಚೆಯಲ್ಲಿ ಹಾಕಿ ಹಿಂಡಿ, ಕೈ ನೋಯುವವರೆಗೆ ಹಿಂಡಿ. ಎರಡನೇ ಸಲ ಚರಟಕ್ಕೆ ಬಿಸಿನೀರು ಚಿಮುಕಿಸಿ ಹಿಂಡಿದ್ದು ಸಾರಿಗೋ ಪಾಯಸಕ್ಕೋ ಇರಲಿ. ಎಣ್ಣೆಗೆ ಮೊದಲ ಹಾಲು ಮಾತ್ರ.

ಉರುಳಿಯಲ್ಲಿ ಸುರಿದು ಒಲೆಯ ಮೇಲಿಡಿ, ಉರುಳಿ ಇಲ್ಲದವರು ದಪ್ಪ ತಳದ ಬಾಣಲೆ. ಉರಿ ಸಣ್ಣಗೆ. ಸಟ್ಟುಗ ಕೈಬಿಡುವ ಹಾಗಿಲ್ಲ, ಫೋನು ಬಂದರೂ. ಮೊದಲು ಹಾಲು ಕುದಿದು ಉಬ್ಬುತ್ತದೆ. ಆಮೇಲೆ ಒಡೆದು ಗಿಣ್ಣಿನ ಹಾಗೆ ಉಂಡೆ ಉಂಡೆ ಆಗುತ್ತದೆ. ಇಲ್ಲಿಯೇ ಹೊಸಬರು ಹೆದರಿ ಹಾಳಾಯಿತು ಅಂತ ಚೆಲ್ಲುವುದು. ಹಾಳಾಗಿಲ್ಲ, ಈಗ ಶುರುವಾಗುತ್ತಿದೆ. ಉಂಡೆಗಳ ಸಂದಿನಲ್ಲಿ ನೀರಿನಷ್ಟು ತಿಳಿಯಾದ ಎಣ್ಣೆ ಬಿಡುತ್ತದೆ, ಚಟಚಟ ಸದ್ದು ಬರುತ್ತದೆ. ಆ ಸದ್ದನ್ನು ಕೇಳುತ್ತಾ ಇರಬೇಕು. ಸದ್ದು ಇರುವವರೆಗೆ ಒಳಗೆ ನೀರು ಉಂಟು ಎಂದೇ ಅರ್ಥ. ಗಸಿಯ ಬಣ್ಣ ಬಿಳಿಯಿಂದ ಹಳದಿಗೆ, ಹಳದಿಯಿಂದ ಒಣಗಿದ ಅಡಿಕೆ ಹಾಳೆಯ ಬಣ್ಣಕ್ಕೆ ಬಂತೋ, ಸದ್ದು ತಾನಾಗಿ ಅಡಗುತ್ತದೆ. ಅದೇ ಹದ. ಇನ್ನೊಂದು ನಿಮಿಷ ಬಿಟ್ಟರೆ ಕಾಫಿಬೀಜದ ಬಣ್ಣವಾಗಿ ಕರಕಲು ವಾಸನೆ ಹೊಡೆಯುತ್ತದೆ, ಇಳಿಸಿದ ಮೇಲೂ ಉರುಳಿಯ ಕಾವಿಗೆ ಬೇಯುತ್ತಲೇ ಇರುತ್ತದೆ ಅಂತ ನೆನಪಿರಲಿ.

ಸಂಶಯ ಇದ್ದರೆ ಅಮ್ಮನ ಪರೀಕ್ಷೆ ಮಾಡಿ. ಹತ್ತಿಯ ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ, ಒಲೆಯಿಂದ ದೂರ ಹಿಡಿದು ಹಚ್ಚಿ. ಚಿಟಿಚಿಟಿ ಎಂದರೆ ನೀರಿದೆ, ಮತ್ತೆ ಒಲೆಗೆ. ಸದ್ದಿಲ್ಲದೆ ದೇವರ ದೀಪದ ಹಾಗೆ ಉರಿದರೆ ಆಯಿತು. ಅಮ್ಮ ಪ್ರತಿ ಸಲ ಈ ಬತ್ತಿ ಹಚ್ಚುವಾಗ ನಾವು ಮಕ್ಕಳು ಸುತ್ತ ಕೂರುತ್ತಿದ್ದೆವು. ದೀಪ ನೋಡಲಿಕ್ಕಲ್ಲ, ಸೋಸಿದ ಮೇಲೆ ಉಳಿಯುವ ಗಸಿಗೆ. ಬಿಸಿ ಇರುವಾಗಲೇ ಅದಕ್ಕೆ ಬೆಲ್ಲ ಹೆರೆದು ಹಾಕಿ ಗೆರಟೆಯಲ್ಲಿ ಕೊಡುತ್ತಿದ್ದಳು. ಮನೆಯಲ್ಲಿ ಯಾರೋ ಬಸುರಿ ಎಂದರೆ ನಮಗೆ ಅಷ್ಟೇ ಅರ್ಥ, ಗಸಿ ಬೆಲ್ಲ ಸಿಗುತ್ತದೆ.

ಉರುಳಿ ತೊಳೆಯುವ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಳದ ಕರೆಯನ್ನು ಸ್ಟೀಲಿನ ತಂತಿ ಹಾಕಿ ಗರಗರ ಉಜ್ಜಿ ಹಾಳು ಮಾಡಬೇಡಿ, ನನ್ನ ಅಜ್ಜಿಯ ಕಾಲದ ಕಂಚಿನ ಉರುಳಿಗೆ ಕೆಲಸದವಳು ಹಾಗೆ ಮಾಡಿ ಗೀರು ಗೀರು ಮಾಡಿಟ್ಟಿದ್ದಾಳೆ. ನಾಲ್ಕು ಬಿಂಬುಳಿ ಜಜ್ಜಿ ಉಪ್ಪಿನ ಜೊತೆ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಬಿಂಬುಳಿ ಇಲ್ಲದ ಊರಿನವರಿಗೆ ಹಳೆ ಹುಣಸೆಹುಳಿ ಸಾಕು.

ಎಣ್ಣೆ ಪೂರ್ತಿ ತಣಿದ ಮೇಲೆ, ಬಿಸಿಲಿಗಿಟ್ಟು ಒಣಗಿಸಿದ ಗಾಜಿನ ಬಾಟಲಿಗೆ ಹಾಕಿ. ಒದ್ದೆ ಚಮಚ ಹಾಕಿದರೆ ವಾರದಲ್ಲಿ ಕಮಟು ವಾಸನೆ. ಡಿಸೆಂಬರಿನಲ್ಲಿ ಬೆಂಗಳೂರಿನವರು ಫೋನು ಮಾಡುತ್ತಾರೆ, "ಅಜ್ಜಿ, ಎಣ್ಣೆ ಬೆಳ್ಳಗಾಗಿದೆ, ಕೆಟ್ಟಿತು" ಅಂತ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಶಾಲೆಗೆ ಹೋದವರಿಗೆ ನಾನು ಹೇಳಬೇಕೇ? ಬಾಟಲಿಯನ್ನು ಬಿಸಿನೀರಿನಲ್ಲಿ ಇಡಿ, ಒಲೆಯ ಮೇಲಲ್ಲ.

ಹಚ್ಚುವುದಕ್ಕೂ ಕ್ರಮ ಉಂಟು. ಸ್ನಾನದ ನೀರು ಸುಡಬಾರದು, ಸುಡುನೀರು ಮೈಯ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ. ಹೊಟ್ಟೆಗೆ ಸಾಬೂನು ಬೇಡ, ಹೆಸರುಹಿಟ್ಟು ಸಾಕು. ಬೈರಾಸಿನಲ್ಲಿ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗಲೇ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಎಣ್ಣೆ ಸೀರೆಗೆ ಹೋಗುತ್ತದೆ, ಚರ್ಮಕ್ಕಲ್ಲ. ಅಂಗೈಯಲ್ಲಿ ಹಾಕಿ ಎರಡೂ ಕೈ ತಿಕ್ಕಿ ಬೆಚ್ಚಗೆ ಮಾಡಿ, ಹೊಕ್ಕುಳಿನ ಸುತ್ತ ಮೆಲ್ಲಗೆ, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ. ಒತ್ತಬೇಡಿ, ನಾದಬೇಡಿ. ಎಣ್ಣೆ ತಿಕ್ಕುವ ಹೆಂಗಸರ ಕೈಗೆ ಬಸುರಿನ ಹೊಟ್ಟೆ ಕೊಡಲೇಬೇಡಿ, ಅವರ ಬಲವೆಲ್ಲ ಬಾಣಂತನಕ್ಕೆ ಇರಲಿ. ಎಲ್ಲರೂ ಹೊಟ್ಟೆ ಮಾತ್ರ ನೋಡಿಕೊಳ್ಳುತ್ತಾರೆ, ಪಕ್ಕೆ, ಹೊಕ್ಕುಳಿನ ಕೆಳಗೆ ಕಾಣದ ಜಾಗ, ತೊಡೆ, ಸೊಂಟದ ಹಿಂದೆ, ಎದೆಯ ಬದಿ ಇವೆಲ್ಲ ಮರೆತೇಹೋಗುತ್ತದೆ. ಕಾಣದ ಜಾಗಕ್ಕೆ ಗಂಡನನ್ನು ಕರೆಯಿರಿ, ನಕ್ಕದ್ದಕ್ಕೆ ಅದೇ ಶಿಕ್ಷೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಅಂಗಾಲಿಗೆ ಎಣ್ಣೆ ತಾಗಿದ್ದರೆ ಒರೆಸಿಕೊಳ್ಳದೆ ಏಳಬೇಡಿ. ಗೆರೆ ಬಂದರೆ ಬರಲಿ, ಬಚ್ಚಲಲ್ಲಿ ಜಾರುವುದು ಬೇಡ.

ಕೆಲವರ ಚರ್ಮಕ್ಕೆ ತೆಂಗಿನೆಣ್ಣೆ ಒಗ್ಗುವುದಿಲ್ಲ, ಸಣ್ಣ ಗುಳ್ಳೆ ಏಳುತ್ತದೆ. ಮೊದಲು ಮುಂಗೈಯ ಒಳಬದಿಗೆ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಆಗದಿದ್ದರೆ ಎಳ್ಳೆಣ್ಣೆ. ಮುಖಕ್ಕೆ ಹಚ್ಚುವ ರೆಟಿನಾಲ್ ಇರುವ ಕ್ರೀಮನ್ನು ಹೊಟ್ಟೆಗೂ ಬಳಿಯುವವರು ಇದ್ದಾರಂತೆ, ಮಗಳು ಹೇಳಿದಾಗ ನಂಬಲಿಲ್ಲ ನಾನು. ಬಸುರಿನಲ್ಲಿ ಅದನ್ನು ಮುಖಕ್ಕೂ ಬೇಡ ಎನ್ನುತ್ತಾರೆ ಡಾಕ್ಟರು.

ಇನ್ನೊಂದು, ಇದನ್ನು ಹೇಳಿದರೆ ಅತ್ತೆಯಂದಿರಿಗೆ ಕೋಪ ಬರುತ್ತದೆ. ಇಬ್ಬರಿಗಾಗಿ ತಿನ್ನು, ಇಬ್ಬರಿಗಾಗಿ ತಿನ್ನು ಅಂತ ತುಪ್ಪ ಸುರಿಯಬೇಡಿ. ದಿಢೀರ್ ಮೈ ಬಂದರೆ ಚರ್ಮಕ್ಕೆ ಹಿಗ್ಗಲು ಪುರುಸೊತ್ತು ಸಿಗುವುದಿಲ್ಲ. ಸಾಧಾರಣ ಮೈಕಟ್ಟಿನವರಿಗೆ ಒಂಬತ್ತು ತಿಂಗಳಿಗೆ 10–12 ಕಿಲೋ ಏರಿದರೆ ಸಾಕು ಎನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ ಹೆಚ್ಚು ಬೇಕಾದದ್ದು 350 ಕ್ಯಾಲೊರಿ. ಅಂದರೆ ಒಂದು ಲೋಟ ಹಾಲು, ಒಂದು ಹಿಡಿ ನೆಲಗಡಲೆ, ಒಂದು ಬಾಳೆಹಣ್ಣು, ಮುಗಿಯಿತು. ಸೀಮಂತದಿಂದ ಹೆರಿಗೆಯವರೆಗೆ ದಿನಾ ಹೋಳಿಗೆ ಅಂತ ಯಾರೂ ಬರೆದಿಟ್ಟಿಲ್ಲ. ಹಾಗಂತ ಗೆರೆಯ ಹೆದರಿಕೆಗೆ ಊಟ ಬಿಟ್ಟು ಕೂತವರನ್ನೂ ಕಂಡಿದ್ದೇನೆ, ಅವರಿಗೆ ಬೇರೆಯೇ ಬೈಗುಳ ಉಂಟು.

ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ತುರಿಸಿದರೆ, ರಾತ್ರಿ ನಿದ್ದೆ ಬಿಡದಷ್ಟು ತುರಿಸಿದರೆ, ಮೈಮೇಲೆ ಗುಳ್ಳೆಯೂ ಇಲ್ಲ ಎಂದರೆ, ದಯವಿಟ್ಟು ಎಣ್ಣೆ ಹಚ್ಚಿ ಮಲಗಬೇಡಿ. ಹಿಂದಿನ ಮನೆಯ ಹುಡುಗಿ ಹಾಗೆ ನಾಲ್ಕು ರಾತ್ರಿ ಕಳೆದಳು. ನಾವೆಲ್ಲ ಉಷ್ಣ ಎಂದೆವು, ಎಳನೀರು ಕೊಟ್ಟೆವು, ನಾನೂ ಕೊಟ್ಟೆ. ರಕ್ತ ಪರೀಕ್ಷೆ ಮಾಡಿದಾಗ ಪಿತ್ತಜನಕಾಂಗದ ತೊಂದರೆ, ಪಿತ್ತದ ಅಂಶ ರಕ್ತಕ್ಕೆ ಸೇರಿದೆ ಎಂದು ಗೊತ್ತಾಯಿತು. ಮಗುವಿಗೆ ಅಪಾಯ ಆಗಬಹುದು ಅಂತ ಅಲ್ಲೇ ಇಟ್ಟುಕೊಂಡು ನೋಡಿದರು. ಇಬ್ಬರೂ ಚೆನ್ನಾಗಿದ್ದಾರೆ ಈಗ. ಅಂಥ ತುರಿಕೆಗೆ ಮರುದಿನ ಬೆಳಿಗ್ಗೆಯೇ ಆಸ್ಪತ್ರೆ.

ತಂಗಿಯ ಮೊಮ್ಮಗಳಿಗೆ ಬಂದ ಗೆರೆ ಹೋಗುವುದಿಲ್ಲ, ಅದನ್ನು ನೇರ ಹೇಳಿದೆ. ಈಗ ಕೆಂಪು ನೇರಳೆ ಕಾಣುವುದು ಹೆರಿಗೆಯಾಗಿ ತಿಂಗಳುಗಳು ಕಳೆದ ಮೇಲೆ ಮಾಸಿ ನನ್ನದರ ಹಾಗೆ ಬೆಳ್ಳಿಯಾಗುತ್ತದೆ. ಆದರೂ ಇನ್ನೆರಡು ತಿಂಗಳು ಹೊಟ್ಟೆ ಬೆಳೆಯುವುದುಂಟಲ್ಲ, ಆದ್ದರಿಂದ ಭಾನುವಾರ ಎಂಟು ಕಾಯಿ ಒಡೆದು ಎಣ್ಣೆ ಮಾಡಿ ಬಸ್ಸಿನಲ್ಲಿ ಕಳಿಸಿದೆ. ಬಾಟಲಿಯ ಮೇಲೆ ಚೀಟಿ ಅಂಟಿಸಿದ್ದೇನೆ, ಉಳಿದದ್ದನ್ನು ಮಗುವಿಗೆ ಹಚ್ಚಬೇಡ, ದೀಪಕ್ಕೆ ಹಾಕು ಅಂತ. ಮಗುವಿಗೆ ಹೊಸತೇ ಆಗಬೇಕು, ನಾನೇ ಬಂದು ಕಾಯಿಸುತ್ತೇನೆ.